ನೀರಿಗೂ ರೇಷನ್ ಕಾರ್ಡೇ?

ನಮ್ಮ ಹಿಂದಿನ ಸಂಚಿಕೆಯಲ್ಲಿ ಮುಂಬಯಿ ಮಳೆಯ ಮೇಲೆ ನಾಲ್ಕು ಕವಿತೆಗಳಿದ್ದವು. ನಾಲ್ಕೂ ಚೆನ್ನಾಗಿಯೇ ಇದ್ದವು ಎನ್ನೋಣ. ಆದರೆ ಆ ಮಳೆ ಬಿದ್ದ ಮೇಲೆ ಎಲ್ಲಿ ನಿಲ್ಲುತ್ತದೆ, ಯಾರ ಕೊಡಕ್ಕೆ ಬರುತ್ತದೆ, ಯಾರ ಕೊಡಕ್ಕೆ ಬರುವುದಿಲ್ಲ ಅಂತ ಒಬ್ಬ ಕವಿಯೂ ಕೇಳಲಿಲ್ಲ. ನನಗೆ ಕವಿತೆ ಬರೆಯಲು ಬಾರದು. ಗದ್ಯದಲ್ಲೇ ಕೇಳುತ್ತೇನೆ.

ಮುಂಬಯಿ ನೀರಿಗೆ ಬಡವಾದ ಊರೇನೂ ಅಲ್ಲ. 1860ರಲ್ಲಿ ವಿಹಾರ, 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ, ಆಮೇಲೆ ಮೋಡಕ್ ಸಾಗರ, ಮೇಲಿನ ವೈತರಣಾ, ಭಾತ್ಸಾ, ಕೊನೆಗೆ 2014ರಲ್ಲಿ ಮಧ್ಯ ವೈತರಣಾ. ಹೀಗೆ ಏಳು ಜಲಾಶಯಗಳಿಂದ ಮಹಾನಗರಪಾಲಿಕೆ ದಿನಕ್ಕೆ ಸುಮಾರು 380 ಕೋಟಿ ಲೀಟರು ನೀರು ತರುತ್ತದೆ. ಹೆಚ್ಚಿನ ಪಾಲು ಭಾಂಡುಪಿನಲ್ಲಿ ಶುದ್ಧಿಯಾಗಿ ಊರೊಳಗಿನ ಗುಡ್ಡಗಳ ತೊಟ್ಟಿಗಳನ್ನು ತುಂಬುತ್ತದೆ. ಹ್ಯಾಂಗಿಂಗ್ ಗಾರ್ಡನಿನಲ್ಲಿ ಜೋಡಿ ಜೋಡಿಯಾಗಿ ಅಡ್ಡಾಡುವ ನಮ್ಮ ಮಿತ್ರರಿಗೆ ಕಾಲಡಿಯಲ್ಲೇ ಅಂಥದೊಂದು ತೊಟ್ಟಿ ಇದೆಯೆಂದು ಗೊತ್ತಿರಲಾರದು. (ಗೊತ್ತುಮಾಡಿಕೊಳ್ಳಲು ಪುರುಸೊತ್ತಾದರೂ ಎಲ್ಲಿ!)

ಅಲ್ಲಿಂದ ಮುಂದೆ ಗಡಿಯಾರದ ಲೆಕ್ಕ. ಹೆಚ್ಚಿನ ಬಡಾವಣೆಗಳಿಗೆ ದಿನಕ್ಕೆ ಕೆಲವೇ ಗಂಟೆ ನೀರು. ಉದ್ದನೆಯ ಕಬ್ಬಿಣದ ಕೀಲಿ ಹಿಡಿದ ಚಾವಿವಾಲಾ ಬಂದು ರಸ್ತೆಯಡಿಯ ವಾಲ್ವು ತಿರುಗಿಸುತ್ತಾನೆ. ಒಂದು ಗಲ್ಲಿ ಏಳುತ್ತದೆ, ಇನ್ನೊಂದು ಒಣಗುತ್ತದೆ. ಅವನದೇನೂ ತಪ್ಪಿಲ್ಲ. ಯಾರಿಗೆಷ್ಟು ಎಂಬುದು ಮೊದಲೇ ಕಾಗದದ ಮೇಲೆ ನಿಗದಿಯಾಗಿರುತ್ತದೆ. ಪಾಲಿಕೆಯ ಲೆಕ್ಕದಲ್ಲಿ ಬಹುಕಾಲ ಕಟ್ಟಡದಲ್ಲಿರುವವನಿಗೆ ತಲೆಗೆ 135 ಲೀಟರು, ಝೋಪಡಪಟ್ಟಿಯವನಿಗೆ 45. ಬಡವನ ಬಾಯಾರಿಕೆ ಮೂರರಲ್ಲೊಂದು ಪಾಲು ಅಂತ ಯಾವ ಇಂಜಿನಿಯರು ಅಳೆದನೋ!

ಅದೂ ದಾಖಲೆ ಇದ್ದವನಿಗೆ. 2000ದ ಜನವರಿ 1ರ ನಂತರ ಗುಡಿಸಲು ಕಟ್ಟಿದವನಿಗೆ ನಲ್ಲಿ ಕೇಳುವ ಬಾಯೇ ಇರಲಿಲ್ಲ. ಪಾಣಿ ಹಕ್ಕ ಸಮಿತಿಯವರು ಹೈಕೋರ್ಟಿಗೆ ಹೋದರು. 2014ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಅಭಯ ಓಕಾ ಅವರಿದ್ದ ಪೀಠ, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ನೀರೂ ಸೇರಿದೆ, ಮನೆ ಅಕ್ರಮವೆಂದು ನೀರು ನಿರಾಕರಿಸುವಂತಿಲ್ಲ ಎಂದಿತು. ಸಂತೋಷ. ಆದರೆ ಸಕ್ರಮದವರಿಗೆ ಸರಿಸಮನಾಗಿ ಕೇಳುವಂತಿಲ್ಲ, ದರವನ್ನೂ ಹೆಚ್ಚು ಹಾಕಬಹುದು ಎಂಬ ಬಾಲ ಅದಕ್ಕಿತ್ತು. ಪಾಲಿಕೆ ‘ಎಲ್ಲರಿಗೂ ನೀರು’ ಎಂಬ ನೀತಿಯನ್ನು ಹೊರಡಿಸಿದ್ದು 2022ರಲ್ಲಿ. ಎಂಟು ವರ್ಷ ಬಾಯಾರಿಕೆ ಕಾಯುತ್ತದೆಯೇ?

“ನಾವು ಬಿಲ್ಲು ಕಟ್ಟಿ ಕುಡೀತೇವೆ ಮಾರಾಯ್ರೆ, ಅವ್ರಿಗೆ ಪುಕ್ಕಟೆ ಯಾಕೆ ಕೊಡ್ಬೇಕು?” ಎಂದು ನಮ್ಮವರೇ ಆದ ಒಬ್ಬ ಹೋಟೆಲ್ ಧಣಿಗಳು ನನ್ನನ್ನು ಕೇಳಿದರು. ಪುಕ್ಕಟೆ ಎಲ್ಲಿ ಸ್ವಾಮಿ? ನಲ್ಲಿ ಇಲ್ಲದವನು ಕ್ಯಾನಿಗಿಷ್ಟು, ಡ್ರಮ್ಮಿಗಿಷ್ಟು ಅಂತ ಕೊಳ್ಳುತ್ತಾನೆ; ಲೀಟರಿನ ಲೆಕ್ಕ ಹಿಡಿದರೆ ಫ್ಲಾಟಿನವರ ಬಿಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಇನ್ನು ಅಕ್ರಮದ ಮಾತು. ನಮ್ಮ ಹಿರಿಯರು ಉಡುಪಿ, ಕುಂದಾಪುರ ಕಡೆಯಿಂದ ಬಂದು ಹೋಟೆಲಿನ ಮೇಜಿನ ಮೇಲೆ ಮಲಗಿ ರಾತ್ರಿಶಾಲೆಯಲ್ಲಿ ಓದಿದರಲ್ಲ, ಅವರ ಕೈಯಲ್ಲಿ ಯಾವ ರೇಷನ್ ಕಾರ್ಡಿತ್ತು?

ದಾಖಲೆಯೇ ದೊಡ್ಡದೆಂದರೆ ಶಹಾಪುರ ತಾಲೂಕಿನವರು ನಮ್ಮೆಲ್ಲರನ್ನೂ ತಡೆದು ಕೇಳಬೇಕು. ಭಾತ್ಸಾ, ತಾನ್ಸಾ ಇರುವುದು ಅಲ್ಲಿ. ಬೇಸಗೆ ಬಂತೆಂದರೆ ಅಲ್ಲಿನ ಎಷ್ಟೋ ಹಳ್ಳಿ, ಪಾಡಾಗಳು ಟ್ಯಾಂಕರಿನ ದಾರಿ ಕಾಯುತ್ತವೆ. ಅವರ ಮಗ್ಗುಲಿನ ನೀರು ದಕ್ಷಿಣ ಮುಂಬಯಿಯಲ್ಲಿ ಕಾರು ತೊಳೆಯುತ್ತದೆ.

ಬಳಸಿ ಬಿಟ್ಟ ನೀರಿನದು ಇನ್ನೊಂದು ಲೇಖನಕ್ಕಾಗುವಷ್ಟಿದೆ. ವರ್ಲಿ, ಬಾಂದ್ರಾಗಳಿಂದ ಮೂರು ಕಿಲೋಮೀಟರಿಗೂ ಮಿಕ್ಕಿದ ಕೊಳವೆಗಳು ಅದನ್ನು ಅರೆಬರೆ ಶುದ್ಧಿ ಮಾಡಿ ಸಮುದ್ರಕ್ಕೆ ಬಿಡುತ್ತ ಬಂದಿವೆ; ಏಳು ಹೊಸ ಶುದ್ಧೀಕರಣ ಘಟಕಗಳಿಗೆ ಅಡಿಗಲ್ಲು ಬಿದ್ದದ್ದು 2023ರ ಜನವರಿಯಲ್ಲಿ. ಗಟಾರದ ಕೊಳವೆಯೇ ಮುಟ್ಟದ ಬಸ್ತಿಗಳ ನೀರು ತೆರೆದ ನಾಲೆಗೆ ಹೋಗುತ್ತದೆ, ಮಕ್ಕಳು ಆಡುವುದು ಅದರ ದಂಡೆಯಲ್ಲೇ.

ನಮ್ಮ ಸಂಘ ತಿಂಗಳಿಗೊಂದು ಕಾವ್ಯವಾಚನ ಇಟ್ಟುಕೊಳ್ಳುತ್ತದೆ. ಅದರಲ್ಲೊಂದು ರವಿವಾರ ನನಗೆ ಕೊಡಿ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೂಲಿ ಮಾಡುವವರು ಈ ಊರಿನ ಬಸ್ತಿಗಳಲ್ಲಿದ್ದಾರೆ. ನಲ್ಲಿಗೆ ಅರ್ಜಿ ಹಾಕುವ ವ್ಯವಹಾರವೆಲ್ಲ ಮರಾಠಿಯಲ್ಲಿ. ನಮಗೆ ಎರಡೂ ಭಾಷೆ ಬರುತ್ತದೆ. ಕವಿಗಳೂ ಬರಲಿ, ಪೆನ್ನು ತರಲಿ.