ತೊಗರಿಗೆ ಬೆಲೆ ಕಟ್ಟುವವರು ಯಾರು?



ಕಳೆದ ಸುಗ್ಗಿಯಲ್ಲಿ ಕಮಲಾಪುರ ಭಾಗದ ಭಕ್ತರೊಬ್ಬರು ದಾಸೋಹಕ್ಕೆಂದು ಒಂದು ಚೀಲ ತೊಗರಿಬೇಳೆ ತಂದಿಳಿಸಿ, “ಹಡಗಿನ ತೊಗರಿ ಬರ್ಲತ್ತದ್ರಿ, ನಮ್ಮ ತೊಗರಿ ಯಾರ್ ಕೇಳ್ತಾರ?” ಎಂದು ನಿಟ್ಟುಸಿರಿಟ್ಟರು. ಆ ಮಾತು ನಮ್ಮನ್ನು ಬಿಡದೆ ಕಾಡಿದೆ. ಕಲಬುರಗಿಯ ಮಾರುಕಟ್ಟೆಯಲ್ಲಿ ಕೂಗುವ ಬೆಲೆಯನ್ನು ನಿರ್ಧರಿಸುವ ಶಕ್ತಿಗಳು ಕಲಬುರಗಿಯಿಂದ ಬಹುದೂರದಲ್ಲಿವೆ.

ಹತ್ತು ವರ್ಷಗಳ ಹಿಂದಿನ ಸಂಗತಿಯನ್ನು ನೆನೆಯೋಣ. 2015ರಲ್ಲಿ ಮಳೆ ಕೈಕೊಟ್ಟು, ಪಟ್ಟಣಗಳಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಬೇಳೆಯ ಬೆಲೆ ರಾಜಕೀಯ ಪ್ರಶ್ನೆಯಾಯಿತು. 2016ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಫ್ರಿಕಾದ ಮೊಜಾಂಬಿಕ್ ದೇಶದೊಡನೆ ಬೇಳೆಕಾಳು ತರಿಸುವ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ನಮ್ಮ ರೈತರೂ ಬೆಲೆಯ ಆಸೆಯಿಂದ ಹೆಚ್ಚು ಬಿತ್ತಿದರು, ಮಳೆಯೂ ಒಲಿಯಿತು. ಹಿಂದಿನ ವರ್ಷ ಸುಮಾರು 25 ಲಕ್ಷ ಟನ್ ಇದ್ದ ದೇಶದ ತೊಗರಿ 48 ಲಕ್ಷ ಟನ್ ದಾಟಿತು. ಬೋನಸ್ ಸೇರಿ 5,050 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆ ಅದಕ್ಕಿಂತ ಕೆಳಗಿಳಿಯಿತು.

2017ರ ಆಗಸ್ಟ್‌ನಲ್ಲಿ ಸರ್ಕಾರ ಆಮದಿಗೆ ಮಿತಿ ಹಾಕಿತು. ಆಗ ನಮಗೆಂದೇ ತೊಗರಿ ಬೆಳೆದಿದ್ದ ಮೊಜಾಂಬಿಕ್‌ನ ರೈತನ ಬೆಲೆ ಕುಸಿಯಿತು. ಅವನೂ ನಮ್ಮಂತೆ ಕಾಯಕಜೀವಿ. ಅವನನ್ನು ಶತ್ರುವೆಂದು ಭಾವಿಸುವುದು ಸಲ್ಲದು. 2021ರ ಮೇ ತಿಂಗಳಲ್ಲಿ ಬಾಗಿಲು ಮತ್ತೆ ತೆರೆಯಿತು. ಮ್ಯಾನ್ಮಾರ್ ಮತ್ತು ಮಲಾವಿಗಳೊಡನೆಯೂ ಒಪ್ಪಂದಗಳಾದವು. ಸುಂಕರಹಿತ ಆಮದಿನ ಅವಧಿಯನ್ನು 2025ರ ಆರಂಭದಲ್ಲಿ 2026ರ ಮಾರ್ಚ್ 31ರವರೆಗೆ ವಿಸ್ತರಿಸಲಾಯಿತು. ಆಫ್ರಿಕಾದ ಕಾಳು ನಮ್ಮ ಸುಗ್ಗಿಗೆ ಮುನ್ನ ಬಂದಿಳಿದರೆ, ಮ್ಯಾನ್ಮಾರಿನ ಕಾಳು ಸುಗ್ಗಿಯ ಬೆನ್ನಿಗೇ ಬರುತ್ತದೆ.

ಪರಿಣಾಮ ನಮ್ಮ ಕಣ್ಣ ಮುಂದಿದೆ. 2024ರ ಮಧ್ಯದಲ್ಲಿ ಕ್ವಿಂಟಾಲಿಗೆ 10,000 ರೂಪಾಯಿ ದಾಟಿದ್ದ ತೊಗರಿ, 2025ರ ಸುಗ್ಗಿಯಲ್ಲಿ 7,550ರ ಬೆಂಬಲ ಬೆಲೆಗಿಂತ ಕೆಳಗೆ ಬಂದಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000ಕ್ಕೆ ಖರೀದಿಸುವುದಾಗಿ ಹೇಳಿತು. ಆದರೆ ಸಾಲದ ಕಂತಿಗೆ ಹೆದರಿದ ರೈತ ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲಾರ.

ಇಲ್ಲಿ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಬೇಳೆ ಅಗ್ಗವಾದಾಗ ದಾಸೋಹದ ಖರ್ಚು ಇಳಿಯಿತೆಂದು ನಮ್ಮ ಲೆಕ್ಕದ ಪುಸ್ತಕ ಹಿಗ್ಗುತ್ತದೆ. ಅದೇ ದಿನ ದಾಸೋಹದ ಪಂಕ್ತಿಯಲ್ಲಿ ಕುಳಿತ ಭಕ್ತನ ಮನೆಯ ಲೆಕ್ಕ ಕುಗ್ಗಿರುತ್ತದೆ. ಉಣ್ಣುವವನೂ ಬೆಳೆಯುವವನೂ ಇಬ್ಬರೂ ನಮ್ಮವರೇ. ದೆಹಲಿಯ ಮುಂದಿರುವ ಇಕ್ಕಟ್ಟೂ ಇದೇ. ಆದರೆ ಬೇಳೆ ಕೊಳ್ಳುವವರು ಎಲ್ಲ ಊರುಗಳಲ್ಲಿದ್ದಾರೆ, ತೊಗರಿ ಬೆಳೆಯುವವರು ಕೆಲವೇ ಜಿಲ್ಲೆಗಳಲ್ಲಿದ್ದಾರೆ. ಆದುದರಿಂದ ಆಮದಿನ ಬಾಗಿಲು ಬೇಗ ತೆರೆಯುತ್ತದೆ, ತಡವಾಗಿ ಮುಚ್ಚುತ್ತದೆ.

ಆಮದೇ ಬೇಡವೆಂಬುದು ನಮ್ಮ ವಾದವಲ್ಲ. ದೇಶಕ್ಕೆ ಬೇಕಾದಷ್ಟು ತೊಗರಿ ಇನ್ನೂ ಇಲ್ಲಿ ಬೆಳೆಯುತ್ತಿಲ್ಲ. ನಮ್ಮ ಕೋರಿಕೆ ಎರಡೇ. ಮಾರುಕಟ್ಟೆಯ ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿದೊಡನೆ ಆಮದು ಸುಂಕ ತಾನಾಗಿ ಜಾರಿಗೆ ಬರುವ ನಿಯಮವಿರಲಿ. ಆಮದು ನೀತಿಯನ್ನು ಜೂನ್ ಬಿತ್ತನೆಗೆ ಮೊದಲೇ ಪ್ರಕಟಿಸಲಿ. ಬಿತ್ತಿದ ಮೇಲೆ ನಿಯಮ ಬದಲಿಸುವುದು ರೈತನಿಗೆ ಬಗೆದ ಅನ್ಯಾಯ.

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ದೊರೆತಿದೆ. ಕಮಲಾಪುರದ ಕೆಂಬಾಳೆಗೂ ಆ ಗೌರವವಿದೆ. ಹೆಸರಿಗೆ ತಕ್ಕ ಬೆಲೆ ಬರಬೇಕಾದರೆ ಬೇಳೆಯನ್ನು ಊರ ಹೆಸರಿನಲ್ಲೇ ಮಾರುವ ರೈತ ಸಂಘಗಳು ಬೇಕು.

2025ರ ಕೇಂದ್ರ ಬಜೆಟ್ಟಿನಲ್ಲಿ, ನೋಂದಾಯಿಸಿದ ರೈತರು ತಂದಷ್ಟು ತೊಗರಿಯನ್ನು ನಾಲ್ಕು ವರ್ಷ ಕೊಳ್ಳುವ ಭರವಸೆ ನೀಡಲಾಗಿದೆ. ಭಕ್ತರು ಫ್ರೂಟ್ಸ್ ಗುರುತಿನ ಸಂಖ್ಯೆಯನ್ನೂ ಬೆಳೆ ಸಮೀಕ್ಷೆಯ ದಾಖಲೆಯನ್ನೂ ಈಗಲೇ ಸರಿಪಡಿಸಿಕೊಳ್ಳಿರಿ. ಅರ್ಜಿ ತುಂಬಲು ಬಾರದವರು ಸೋಮವಾರ ಮಠದ ಕಚೇರಿಗೆ ಬರಲಿ, ನಾವು ನೆರವಾಗುತ್ತೇವೆ. ಬರುವ ಸುಗ್ಗಿಯಿಂದ ದಾಸೋಹದ ತೊಗರಿಯನ್ನು ಕಮಲಾಪುರ ತಾಲ್ಲೂಕಿನ ರೈತರಿಂದ ಬೆಂಬಲ ಬೆಲೆಗೆ ಕಡಿಮೆಯಾಗದಂತೆ ಕೊಳ್ಳಲು ಮಠ ನಿಶ್ಚಯಿಸಿದೆ. ಇದರಿಂದ ಮಾರುಕಟ್ಟೆ ಬದಲಾಗದು. ನಮ್ಮ ಪಂಕ್ತಿಯ ಅನ್ನದಲ್ಲಿ ಬೆಳೆದವನ ನಷ್ಟ ಬೆರೆಯದಿದ್ದರೆ ಸಾಕು.



– ಕಾರ್ಯದರ್ಶಿ, ಶ್ರೀಮಠ