ಮುಂಗುಸಿಯ ಮೂಗಿಗೆ ಬಂದ ಕ್ಷಯ

ಕ್ಷಯವೆಂದೊಡನೆ ಕೆಮ್ಮು, ಕಫ, ಬೆಟ್ಟದ ತಪ್ಪಲಿನ ಆರೋಗ್ಯಧಾಮ ಇವೇ ಕಣ್ಣ ಮುಂದೆ ನಿಲ್ಲುತ್ತವೆ. 1882ರಲ್ಲಿ ರಾಬರ್ಟ್ ಕಾಖ್ ಮಹಾಶಯನು ಈ ರೋಗಾಣುವನ್ನು ಲೋಕಕ್ಕೆ ತೋರಿಸಿಕೊಟ್ಟಂದಿನಿಂದ, ರೋಗಿಯ ಉಸಿರಿನಿಂದ ಮತ್ತೊಬ್ಬರ ಉಸಿರಿಗೆ ಅದು ದಾಟುವ ಬಗೆ ಸರ್ವವಿದಿತವಾಗಿದೆ. ದನಗಳ ಕ್ಷಯವಾದರೆ ಹಾಲಿನ ಮೂಲಕವೂ ಬರಬಲ್ಲದು. ಹಸಿಹಾಲು ಕುಡಿಯಬಾರದೆಂಬ ಮನೆಯ ಹಿರಿಯರ ಕಟ್ಟಳೆಗೆ ಶಾಸ್ತ್ರದ ಬೆಂಬಲ ಚೆನ್ನಾಗಿಯೇ ಇದೆ. ಆದರೆ ಕೆಮ್ಮಿನ ಹಂಗೂ ಇಲ್ಲದೆ, ಹಾಲಿನ ಹಂಗೂ ಇಲ್ಲದೆ, ನೆಂಟರಿಷ್ಟರ ಯೋಗಕ್ಷೇಮ ವಿಚಾರಿಸುವುದರಿಂದಲೇ ಕ್ಷಯಕ್ಕೆ ತುತ್ತಾಗುವ ಪ್ರಾಣಿಯೊಂದಿದೆ.

ಅದು ಆಫ್ರಿಕದ ಪಟ್ಟೆ ಮುಂಗುಸಿ. ಬೋಟ್ಸ್ವಾನ ದೇಶದ ಉತ್ತರದಲ್ಲಿ, ಚೋಬೆ ನದಿಯ ದಡದ ಕಾಡಿನಲ್ಲಿಯೂ ಪಕ್ಕದ ಕಸಾನೆ ಊರಿನಲ್ಲಿಯೂ ಇದರ ಹಿಂಡುಗಳು ಓಡಾಡುತ್ತವೆ. ನಮ್ಮ ಹಿತ್ತಿಲಿನಲ್ಲಿ ಒಂಟಿಯಾಗಿ ಸುಳಿದು ಮಾಯವಾಗುವ ಮುಂಗುಸಿಯಂತಲ್ಲ, ಇದು ತುಂಬು ಸಂಸಾರದ ಜೀವಿ. ಒಟ್ಟಿಗೆ ಹುಳುಹುಪ್ಪಟೆ ಹುಡುಕುತ್ತವೆ, ಒಂದೇ ಹುತ್ತದಲ್ಲಿ ಒತ್ತಿ ಮಲಗುತ್ತವೆ. ಹಿಂಡಿನ ಹೆಣ್ಣುಗಳು ಅನೇಕ ವೇಳೆ ಒಂದೇ ರಾತ್ರಿಯಲ್ಲಿ ಈಯುತ್ತವೆ. ಮರಿಗಳನ್ನು ತಾಯಿಯಲ್ಲದ ಹಿರಿಯರೂ ಬೆನ್ನ ಹಿಂದಿಟ್ಟುಕೊಂಡು ಉಣಿಸುತ್ತಾರೆ. ಅವಿಭಕ್ತ ಕುಟುಂಬವೆಂದರೆ ತಪ್ಪಾಗದು.

2000ದ ಸುಮಾರಿಗೆ ಅಲ್ಲಿ ಮುಂಗುಸಿಗಳು ಸೊರಗಿ ಸಾಯತೊಡಗಿದವು. ಮೂಗು ಊದಿ ವಿಕಾರವಾಗುತ್ತಿತ್ತು, ದೇಹ ಎಲುಬಿನ ಗೂಡಾಗುತ್ತಿತ್ತು. ಲಕ್ಷಣ ಕಂಡ ಎರಡು ಮೂರು ತಿಂಗಳೊಳಗೆ ಮರಣ. ಸಣ್ಣ ಹಿಂಡುಗಳಂತೂ ನಿರ್ವಂಶವಾಗುವ ಸ್ಥಿತಿಗೆ ಬಂದವು. ವನ್ಯಜೀವಿಗಳ ರೋಗಗಳನ್ನು ಅಭ್ಯಸಿಸುವ ಕ್ಯಾತ್ಲೀನ್ ಅಲೆಗ್ಸಾಂಡರ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಕಂಡುಬಂದದ್ದು ಕ್ಷಯಾಣು. ಮನುಷ್ಯನ ರೋಗವೇ ಮುಂಗುಸಿಗೆ ಹತ್ತಿದೆಯೆಂದು 2002ರಲ್ಲಿ ವರದಿಯಾಯಿತು. ಅನುವಂಶಿಕ ಧಾತುವನ್ನು ಇನ್ನಷ್ಟು ಸೂಕ್ಷ್ಮವಾಗಿ ಶೋಧಿಸಿದ ಮೇಲೆ, ಇದು ಮನುಷ್ಯನ ಕ್ಷಯಾಣುವಿಗೆ ದಾಯಾದಿಯೇ ಹೊರತು ಅದೇ ಅಲ್ಲವೆಂದು ತಿಳಿಯಿತು. 2010ರಲ್ಲಿ ಇದಕ್ಕೆ 'ಮೈಕೋಬ್ಯಾಕ್ಟೀರಿಯಂ ಮುಂಗಿ' ಎಂದು ಹೆಸರಿಟ್ಟರು.

'ಮುಂಗಿ' ಎಂಬ ಶಬ್ದ ಕನ್ನಡಿಗರಿಗೆ ಪರಿಚಿತವೆನಿಸಿದರೆ ಅಚ್ಚರಿಯಿಲ್ಲ. ಈ ಪ್ರಾಣಿಯ ಶಾಸ್ತ್ರೀಯ ನಾಮವಾದ 'ಮುಂಗೋಸ್ ಮುಂಗೊ' ನಮ್ಮ ದೇಶದ ಭಾಷೆಗಳಿಂದಲೇ ಕಡಲು ದಾಟಿದ ಮಾತು. ಮರಾಠಿಯ ಮುಂಗೂಸ್, ತೆಲುಗಿನ ಮುಂಗಿಸ, ಕನ್ನಡದ ಮುಂಗುಸಿ ಎಲ್ಲವೂ ಒಂದೇ ಬಳಗ. ಆಫ್ರಿಕದ ರೋಗಾಣುವೊಂದು ಹೀಗೆ ದಕ್ಷಿಣದೇಶದ ಹೆಸರು ಹೊತ್ತು ನಿಂತಿತು!

ರೋಗ ಹರಡುವ ಬಗೆ ಮಾತ್ರ ಕೆಲಕಾಲ ಒಗಟಾಗಿತ್ತು. ಉಸಿರಿನಿಂದ ಬರುವ ಕ್ಷಯವಾದರೆ ಶ್ವಾಸಕೋಶವೇ ಮೊದಲು ಕೆಡಬೇಕು. ಇಲ್ಲಿ ಮೊದಲು ಕೆಡುತ್ತಿದ್ದುದು ಮೂಗಿನ ತುದಿ. ಉತ್ತರ 2016ರಲ್ಲಿ ಪ್ರಕಟವಾಯಿತು. ಮುಂಗುಸಿಗಳಿಗೆ ವಾಸನೆಯೇ ಭಾಷೆ. ಬಾಲದ ಬುಡದ ಗ್ರಂಥಿಗಳ ಸ್ರಾವವನ್ನೂ ಮೂತ್ರವನ್ನೂ ಕಲ್ಲಿಗೆ, ನೆಲಕ್ಕೆ, ಒಂದು ಇನ್ನೊಂದರ ಮೈಗೆ ಸವರುತ್ತವೆ. ತಾನು ಯಾರು, ಯಾವ ಹಿಂಡಿನವನು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ರೋಗಾಣು ಆ ಸ್ರಾವದಲ್ಲಿಯೇ ನೆಲಸಿತ್ತು. ಮಣ್ಣು ಕೆದಕಿ ಗೀರಿದ ಮೂಗಿನಿಂದಲೋ ಮೈಯ ಗಾಯದಿಂದಲೋ ಅದು ಒಳಹೊಗುತ್ತಿತ್ತು. ಕಾಗದ ಬರೆದವನ ರೋಗ ಓದಿದವನಿಗೆ ಅಂಟಿದಂತೆ!

ಪ್ರಾಣಿಗಳ ಕ್ಷಯ ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಪೆರು ದೇಶದ ಕಥೆಯೂ ಇದೆ. ಅಲ್ಲಿ ದೊರೆತ ಸುಮಾರು 1000 ವರ್ಷ ಹಳೆಯ ಮಾನವ ಅಸ್ಥಿಗಳಲ್ಲಿದ್ದ ಕ್ಷಯಾಣುವಿಗೆ ಸೀಲ್ ಎಂಬ ಕಡಲಪ್ರಾಣಿಯ ಕ್ಷಯಾಣುವೇ ಹತ್ತಿರದ ನೆಂಟನೆಂದು 2014ರಲ್ಲಿ ಗೊತ್ತಾಯಿತು.

ಚೋಬೆಯಲ್ಲಿ ಮನುಷ್ಯನ ಪಾತ್ರವೂ ಇಲ್ಲದಿಲ್ಲ. ಊರಿನ, ಪ್ರವಾಸಿಗೃಹಗಳ ಕಸದ ಗುಂಡಿಗಳು ಮುಂಗುಸಿಗೆ ಸುಲಭದ ಊಟದ ಮನೆಗಳಾಗಿವೆ. ಕಾಡಿನಲ್ಲಿ ಒಂದೊಂದು ಹುಳುವನ್ನೂ ಬೇರೆ ಬೇರೆ ಹುಡುಕಬೇಕು. ಕಸದ ರಾಶಿಯ ಮೇಲೆ ಎಲ್ಲವೂ ಒಂದೇ ಎಲೆಗೆ ಕೈಹಾಕಿದಂತೆ. ಅಲ್ಲಿ ಜಗಳ ಹೆಚ್ಚೆಂದೂ, ಕಸ ತಿನ್ನುವ ಹಿಂಡುಗಳಲ್ಲಿ ಗಾಯಗಳು ಹೆಚ್ಚೆಂದೂ ಅದೇ 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು. ಈ ರೋಗಾಣುವಿಗೆ ಬೇಕಾದ ಬಾಗಿಲೆಂದರೆ ಗಾಯವೇ. ಕಸದ ಡಬ್ಬಿಗೆ ಮುಂಗುಸಿಯಿಂದ ತೆರೆಯಲಾಗದ ಮುಚ್ಚಳವೊಂದನ್ನು ಹಾಕಿದರೆ, ಬಾಗಿಲುಗಳಲ್ಲಿ ಕೆಲವಾದರೂ ಮುಚ್ಚಿಯಾವು.