ಕಥೆಗೊಂದು ಮಣೆ, ಚರಿತ್ರೆಗೊಂದು ಮಣೆ

ಒಂದು ಸೀಮೆಯ ಕಥೆಗಳು ಅಲ್ಲಿನ ಜನರ ನಾಲಿಗೆಯಿಂದ ಇಳಿದು ಟಿ.ವಿ. ತೆರೆಯ ಮೇಲೆ ಬಂದು ಕುಳಿತಾಗ ನಾವು ಸಂತೋಷಪಡಬೇಕೇ, ಚಿಂತಿಸಬೇಕೇ? ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಮನೆಗೂ ಸಂಬಂಧಿಸಿದ ಪ್ರಶ್ನೆಯಿದು. 2018ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ‘ಉಘೇ ಉಘೇ ಮಾದೇಶ್ವರ’ ಧಾರಾವಾಹಿ ಆರಂಭವಾಯಿತು. ಅದುವರೆಗೆ ದೇವರಗುಡ್ಡರ ಹಾಗೂ ಕಂಸಾಳೆಯವರ ಕಂಠದಲ್ಲಿ ರಾತ್ರಿಯಿಡೀ ಹರಿಯುತ್ತಿದ್ದ ಮಲೆಯ ಮಾದೇಶ್ವರನ ಕಥೆ ಪಡಸಾಲೆಗೆ ಬಂದು, ಊಟದ ತಟ್ಟೆಯ ಎದುರಿಗೇ ನಿಂತಿತು. ಜಾತ್ರೆಗೆ ಹೋಗದವರೂ, ಬೇರೆ ಧರ್ಮದ ನೆರೆಹೊರೆಯವರೂ ಆ ಕಥೆಯನ್ನು ಕೇಳುವಂತಾಯಿತು. ಇದನ್ನು ನಾವು ಒಳ್ಳೆಯದೆಂದೇ ಎಣಿಸುತ್ತೇವೆ. ನೆರೆಯವನ ಕಥೆಯನ್ನು ತಿಳಿಯದೆ ನೆರೆಯವನನ್ನು ಪ್ರೀತಿಸುವುದು ಕಷ್ಟ.

ಆದರೆ ಒಂದು ಧಾರಾವಾಹಿಗೆ ತೃಪ್ತಿಪಡುವಷ್ಟು ಬಡತನ ನಮ್ಮ ಸೀಮೆಗಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾದಂದಿನಿಂದ ಇಂದಿನ ಊರೂರ ಕೇಬಲ್ ವಾಹಿನಿಗಳವರೆಗೆ ಹೇಳುವ ಸಾಧನಗಳು ಬೆಳೆಯುತ್ತಲೇ ಬಂದಿವೆ. ಹೇಳಬೇಕಾದುದು ಮಾತ್ರ ಬಹುಪಾಲು ಹಾಗೆಯೇ ಉಳಿದಿದೆ. ಒಂದು ದಿನದ ಬಸ್ ಪ್ರಯಾಣದಲ್ಲಿ ನೋಡಿ ಬರಬಹುದಾದ ಮೂರು ಸಂಗತಿಗಳನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಮೊದಲನೆಯದು ಹಾಡು. ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ ಹುಟ್ಟಿದ ಕಮ್ಮಾರರ ಹುಡುಗ ಕೆಂಪಾಚಾರಿಯನ್ನು ಗುರು ಮಂಟೇಸ್ವಾಮಿ ಶಿಷ್ಯನನ್ನಾಗಿ ಬೇಡಿ ಪಡೆದು ಸಿದ್ದಪ್ಪಾಜಿಯನ್ನಾಗಿ ಮಾಡಿದನೆಂದು ನೀಲಗಾರರು ತಂಬೂರಿ ಹಿಡಿದು ಹಾಡುತ್ತಾರೆ. ಗುರುವಿನ ಕಾರ್ಯಕ್ಕೆ ಕಬ್ಬಿಣ ಬೇಕಾಗುತ್ತದೆ. ಸಿದ್ದಪ್ಪಾಜಿ ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಹೋಗಿ, ತನ್ನ ಕುಲದವರೇ ಆದ ಪಾಂಚಾಳರ ಮುಂದೆ ಜೋಳಿಗೆ ಒಡ್ಡುತ್ತಾನೆ. ಅವರು ಕೊಡಲೊಲ್ಲರು, ವಿಷವಿಟ್ಟು ಪರೀಕ್ಷಿಸುತ್ತಾರೆ. ಕೊನೆಗೆ ಭಿಕ್ಷುಕನೇ ಗೆಲ್ಲುತ್ತಾನೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಠವೂ, ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಗೆ ಸೇರುವ ಜಾತ್ರೆಯೂ ಈ ಕಥೆಯನ್ನು ಇಂದಿಗೂ ಬಾಳಿಸುತ್ತಿವೆ. ಇದು ಬರಿಯ ಪವಾಡದ ಕಥೆಯೇ? ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹಳೆಯ ಸಂಸ್ಥಾನದಲ್ಲಿ ಕಬ್ಬಿಣ ದೊರೆಯುತ್ತಿದ್ದ ಮುಖ್ಯ ಸ್ಥಳಗಳ ಸಾಲಿನಲ್ಲಿ ಮಳವಳ್ಳಿಯನ್ನು ಹೆಸರಿಸುತ್ತದೆ. ಕುಲುಮೆಗಳು ಆರಿದ ಬಳಿಕವೂ ಅವುಗಳ ನೆನಪನ್ನು ಹಾಡು ಆರಗೊಡಲಿಲ್ಲ.

ಎರಡನೆಯದು ಕಲ್ಲು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನವದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಳಗದಲ್ಲಿ ಮಣಲೇರನೆಂಬ ವೀರ ಮೆರೆದನು. ಮೆಚ್ಚಿದ ದೊರೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟನು. ತಕ್ಕೋಲದ ಯುದ್ಧವನ್ನು ಅರಿಯಲು ವಿದ್ವಾಂಸರು ಇಂದಿಗೂ ತೆರೆಯುವ ಪುಟ ಈ ನಾಯಿಯ ಕಲ್ಲು. ಆತಕೂರಿನ ಹೆಸರನ್ನು ಪಠ್ಯದಲ್ಲಿ ಓದಿದ ಮಕ್ಕಳಿಗೆ ಆ ಊರು ತಮ್ಮ ತಾಲ್ಲೂಕಿನದೆಂಬುದು ತಿಳಿದಿದೆಯೇ?

ಮೂರನೆಯದು ಬಾವುಟ. 1938ರ ಏಪ್ರಿಲಿನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಕೂಡಿ, ನಿಷೇಧವನ್ನು ಮೀರಿ ತ್ರಿವರ್ಣಧ್ವಜವನ್ನು ಏರಿಸಲಾಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಅಂದು ಶಿವಪುರದಲ್ಲಿ ತಂದೆಯ ಹೆಗಲ ಮೇಲೆ ಕುಳಿತು ನೋಡಿದ ಮಗು ಬದುಕಿದ್ದರೆ ಈಗ ತೊಂಬತ್ತು ದಾಟಿರುತ್ತದೆ. ಅಂಥ ಕಣ್ಣುಗಳು ಇನ್ನೆಷ್ಟು ಉಳಿದಿದ್ದಾವು? ಸತ್ಯಾಗ್ರಹ ಸೌಧ ಹೆದ್ದಾರಿಯ ಪಕ್ಕದಲ್ಲಿಯೇ ನಿಂತಿದೆ. ನಾವು ವಡೆ ತಿನ್ನಲು ಮದ್ದೂರಿನಲ್ಲಿ ಇಳಿಯುತ್ತೇವೆ, ಸೌಧದ ಬಳಿ ಇಳಿಯುವುದಿಲ್ಲ.

ಹಾಡು, ಕಲ್ಲು, ಬಾವುಟ: ಇವು ಮೂರೂ ನಿಜವೇ. ಆದರೆ ಮೂರೂ ಒಂದೇ ಬಗೆಯ ನಿಜಗಳಲ್ಲ. ಕಾವ್ಯವು ಮನುಷ್ಯನಿಗೆ ಎಂದೂ ಆಗಬಹುದಾದುದನ್ನು ಹೇಳುತ್ತದೆ, ಚರಿತ್ರೆಯು ಒಮ್ಮೆ ಆದುದನ್ನು ಹೇಳುತ್ತದೆ ಎಂದು ಗ್ರೀಸಿನ ತತ್ತ್ವಜ್ಞಾನಿ ಅರಿಸ್ಟಾಟಲ್ ಬಹು ಹಿಂದೆಯೇ ವಿಂಗಡಿಸಿದನು. ಕಾವ್ಯವನ್ನು ಅವನು ಚರಿತ್ರೆಗಿಂತ ಕೀಳೆಂದು ಎಣಿಸಲಿಲ್ಲ. ನಮ್ಮ ಓದುಗರಿಗೆ ಇದು ಹೊಸದಲ್ಲ. ಒಳ್ಳೆಯ ಸಮಾರಿಯದವನ ಸಾಮತಿಯನ್ನು ಕೇಳಿದಾಗ ಆ ಛತ್ರದವನ ಹೆಸರೇನೆಂದು ಯಾರೂ ಕೇಳುವುದಿಲ್ಲ. ಆದರೆ ವಿಶ್ವಾಸ ಸಂಗ್ರಹದಲ್ಲಿ ಪಿಲಾತನ ಹೆಸರನ್ನು ಬಿಡದೆ ಹೇಳುತ್ತೇವೆ, ಏಕೆಂದರೆ ಅಲ್ಲಿ ನಾವು ಹೇಳುತ್ತಿರುವುದು ಒಂದು ಕಾಲದಲ್ಲಿ, ಒಂದು ಊರಿನಲ್ಲಿ ನಡೆದುದನ್ನು. ಕಥೆಗೊಂದು ಮಣೆ, ಚರಿತ್ರೆಗೊಂದು ಮಣೆ. ಎರಡನ್ನೂ ಒಂದೇ ಮಣೆಯ ಮೇಲೆ ಕೂರಿಸಿದರೆ ಇಬ್ಬರಿಗೂ ಅವಮಾನ.

ಈ ವಿವೇಕ ತಪ್ಪಿದರೆ ಏನಾಗುವುದೆಂಬುದನ್ನು ಮಂಡ್ಯ ಜಿಲ್ಲೆಯೇ 2023ರ ಮಾರ್ಚಿನಲ್ಲಿ ಕಂಡಿತು. ಟಿಪ್ಪು ಸುಲ್ತಾನನನ್ನು ಕೊಂದವರು ಉರಿಗೌಡ, ನಂಜೇಗೌಡರೆಂಬ ಇಬ್ಬರು ಎಂಬ ಮಾತು ಹಬ್ಬಿ, ಪ್ರಧಾನಿಯವರ ಭೇಟಿಗೆಂದು ನಿಲ್ಲಿಸಿದ ಕಮಾನಿನ ಮೇಲೂ ಆ ಹೆಸರುಗಳು ಏರಿದವು, ಬಳಿಕ ಇಳಿದವು. ಸಚಿವರೂ ಆಗಿದ್ದ ನಿರ್ಮಾಪಕರೊಬ್ಬರು ಚಲನಚಿತ್ರವನ್ನೇ ಘೋಷಿಸಿದರು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯ ಜನರಲ್ ಹ್ಯಾರಿಸನ ಸೈನ್ಯದೊಡನೆ ಕಾದಿದ್ದಕ್ಕೂ, ಮೇ 4ರಂದು ಶ್ರೀರಂಗಪಟ್ಟಣ ಬಿದ್ದುದಕ್ಕೂ ಹೇರಳ ಬರವಣಿಗೆಯಿದೆ. ಈ ಇಬ್ಬರ ಕೃತ್ಯಕ್ಕೆ ಸಮಕಾಲೀನ ಆಧಾರವಿಲ್ಲವೆಂದು ಇತಿಹಾಸಕಾರರು ಹೇಳಿದರು. ಕಡೆಗೆ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ನಿರ್ಮಾಪಕರನ್ನು ಕರೆಸಿ ಮಾತನಾಡಿದ ಮೇಲೆ ಚಿತ್ರವನ್ನು ಕೈಬಿಡಲಾಯಿತು. ಆಧಾರ ಸಿಗುವ ತನಕ ತಾಳಿರೆಂದು ಒಬ್ಬ ಮಠಾಧೀಶರು ಹೇಳಿದ್ದನ್ನು ನಾವು ಗೌರವದಿಂದ ನೆನೆಯುತ್ತೇವೆ. ಹಾಡಿನಲ್ಲಿ ಬಾಳುವ ಹೆಸರಿಗೆ ದಾಖಲೆ ಬೇಡ. ಕಮಾನಿನ ಮೇಲೆ ಏರಿ ನೆರೆಹೊರೆಯವರ ನಡುವೆ ನಿಲ್ಲುವ ಹೆಸರಿಗೆ ಬೇಕು.

ಪರರಿಗೆ ಹೇಳುವ ಈ ಮಾತನ್ನು ನಮ್ಮ ಸಮುದಾಯವೂ ತನಗೆ ಹೇಳಿಕೊಳ್ಳಬೇಕು. 1784ರಲ್ಲಿ ಮಂಗಳೂರು ಕಡೆಯ ಕಥೋಲಿಕರನ್ನು ಟಿಪ್ಪು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ಚರಿತ್ರೆ. ಆದರೆ ಸೆರೆಯಾದವರ ಸಂಖ್ಯೆ ಒಂದು ಬರಹದಲ್ಲಿ 30 ಸಾವಿರ, ಇನ್ನೊಂದರಲ್ಲಿ 60 ಸಾವಿರ, ಮತ್ತೊಂದರಲ್ಲಿ 80 ಸಾವಿರ. ನಮ್ಮ ನೋವು ನಿಜವೆಂದ ಮಾತ್ರಕ್ಕೆ ದೊಡ್ಡ ಸಂಖ್ಯೆಯೇ ನಿಜವಾಗುವುದಿಲ್ಲ. 1799ರ ಬಳಿಕ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಬಂದು, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ದೇವಾಲಯ ಕಟ್ಟಿದ ಫ್ರೆಂಚ್ ಗುರು ಅಬ್ಬೆ ದುಬಾಯ್ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಿಡುಬಿನ ವಿರುದ್ಧ ಅವರು ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ ಯೂರೋಪಿನಲ್ಲಿ ಪ್ರಸಿದ್ಧವಾಯಿತು. ಆದರೆ ಅದರ ಬಹುಭಾಗ ಕ್ಯೂರ್ದು ಎಂಬ ಯೇಸುಸಭೆಯ ಗುರುವಿನ ಹಳೆಯ ಹಸ್ತಪ್ರತಿಯನ್ನು ಆಧರಿಸಿದ್ದೆಂದು ಸಿಲ್ವಿಯಾ ಮೂರ್ ಎಂಬ ವಿದುಷಿ 1987ರಲ್ಲಿ ಪ್ರಕಟವಾದ ತಮ್ಮ ಸಂಶೋಧನೆಯಲ್ಲಿ ತೋರಿಸಿದರು. ಗಂಜಾಮಿನ ಕಥೆ ತೆರೆಗೆ ಬಂದರೆ ದೇವಾಲಯವೂ ಲಸಿಕೆಯೂ ಇರಲಿ, ಈ ಹಸ್ತಪ್ರತಿಯೂ ಇರಲಿ. ಸತ್ಯದಿಂದ ಕುಗ್ಗುವ ಗೌರವ ಮೊದಲೇ ಗಟ್ಟಿಯಾಗಿರಲಿಲ್ಲವೆಂದೇ ತಿಳಿಯಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದರೆ ರಸ ಕೆಡುವುದಿಲ್ಲವೇ, ದಿನದ ದಣಿವಿನ ಮೇಲೆ ಜನ ಮನರಂಜನೆಗಾಗಿ ನೋಡುತ್ತಾರೆಯೇ ಹೊರತು ಪಾಠಕ್ಕಾಗಿ ಅಲ್ಲವಲ್ಲ, ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ದೂರದರ್ಶನದಲ್ಲಿ ತೊಂಬತ್ತರ ದಶಕದಲ್ಲಿ ಬಂದ ‘ಸುರಭಿ’ ಕಾರ್ಯಕ್ರಮ ನೆನಪಿರುವವರಿಗೆ ಉತ್ತರ ಗೊತ್ತು. ಕಲೆ, ಕಸುಬು, ಅರಿಯದ ಊರುಗಳ ಸಂಗತಿಯನ್ನು ಇದ್ದಂತೆಯೇ ತೋರಿಸಿದ ಆ ಕಾರ್ಯಕ್ರಮಕ್ಕೆ ಲಕ್ಷಗಟ್ಟಲೆ ಕಾಗದಗಳು ಬಂದವು. ಜನರಿಗೆ ಸತ್ಯ ಸಪ್ಪೆಯೆಂದು ಮೊದಲೇ ತೀರ್ಮಾನಿಸುವವರು ಜನರನ್ನು ಅರಿತವರಲ್ಲ.

ದಾರಿ ತೋರಿದವರೂ ನಮ್ಮ ಜಿಲ್ಲೆಯವರೇ. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿದ ಜೀ.ಶಂ. ಪರಮಶಿವಯ್ಯನವರು ಜನಪದ ಕಾವ್ಯವನ್ನು ವಿಶ್ವವಿದ್ಯಾನಿಲಯದ ಅಧ್ಯಯನಕ್ಕೆ ಏರಿಸಿದರು. ಅದೇ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ, ಕಲಾವಿದರ ಹಾಡನ್ನು ಅವರವರ ಕಂಠದಲ್ಲಿಯೇ ಧ್ವನಿಮುದ್ರಿಸಿ ಉಳಿಸಿದರು. ಸ್ಥಳೀಯ ವಾಹಿನಿಗಳು ಇದೇ ಕ್ರಮವನ್ನು ಹಿಡಿಯಲಿ ಎಂಬುದು ನಮ್ಮ ವಿನಂತಿ. ಪ್ರತಿ ಕಂತಿನಲ್ಲಿಯೂ ಇದು ಹಾಡಿನಲ್ಲಿ ಬಂದುದು, ಇದು ಶಾಸನದಲ್ಲಿರುವುದು, ಇದು ಕಂಡವರು ಹೇಳಿದ್ದು ಎಂದು ಒಂದು ಸಾಲಿನಲ್ಲಿ ತಿಳಿಸಲಿ. ನೀಲಗಾರನ ಹಾಡನ್ನು ನೀಲಗಾರನೇ ಹಾಡಲಿ. ಅವನಿಗೆ ಸಲ್ಲಬೇಕಾದ ಸಂಭಾವನೆ ಸಲ್ಲಲಿ. ಒಂದು ಜಾತಿಯನ್ನೋ ಮತವನ್ನೋ ಖಳರನ್ನಾಗಿಸುವ ಹೊಸ ಪಾತ್ರಗಳನ್ನು ಹಳೆಯ ಹೆಸರಿನಲ್ಲಿ ಹೊಲಿಯದಿರಲಿ.

ಮನೆಗಳಿಗೂ ಒಂದು ಕೆಲಸವಿದೆ. ಮನೆಯ ಹಿರಿಯರು ಹೇಳುವ ಕಥೆಗಳನ್ನು ಮಕ್ಕಳು ಈಗಲೇ ಬರೆದಿಡಲಿ. ಕೈಯಲ್ಲಿರುವ ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಲಿ. ಧಾರಾವಾಹಿ ನೋಡಿ ಎದ್ದಾಗ ‘ಇದು ನಡೆದದ್ದೋ, ಹಾಡಿದ್ದೋ?’ ಎಂದು ಮಗು ಕೇಳಿದರೆ ಸುಮ್ಮನಿರೆಂದು ಗದರಿಸಬೇಡಿರಿ. ಆ ಪ್ರಶ್ನೆಯೇ ವಿದ್ಯೆಯ ಮೊದಲ ಮೆಟ್ಟಿಲು.

ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ಹೆಸರನ್ನೂ ಮರೆಯದೆ ಕಲ್ಲಿನಲ್ಲಿ ಕೊರೆದಿಟ್ಟ ಸೀಮೆ ನಮ್ಮದು. ಆ ಸೀಮೆಯ ಕಥೆಯನ್ನು ತೋರಿಸುವವರು, ಅದನ್ನು ಹಾಡಿ ಉಳಿಸಿದವನ ಹೆಸರನ್ನು ತೆರೆಯ ಮೇಲೆ ಒಂದು ಸಾಲು ಬರೆಯುವಷ್ಟಾದರೂ ಋಣ ತೀರಿಸಲಿ.